ಶಿವನ ಕಾರುಣ್ಯ ಮತ್ತು ಲೋಕದ ದುಃಖ

ಚಿಕ್ಕನಾಯಕನಹಳ್ಳಿ ತಾಲೂಕಿನ ಹಂದನಕೆರೆಯ ಸೀಮೆಯಲ್ಲಿ ತೆಂಗಿನ ಮರವೆಂದರೆ ಮನೆಯ ಮಗನಿದ್ದಂತೆ. ಸಸಿ ನೆಟ್ಟವನು ಫಲಕ್ಕಾಗಿ ವರ್ಷಗಟ್ಟಲೆ ಕಾಯುತ್ತಾನೆ. ಕಾಯಿ ಇಳಿಸಿದ ಮೇಲೂ ಉಂಡೆ ಕೊಬ್ಬರಿಯಾಗಲೆಂದು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾಯುತ್ತಾನೆ. ಇಂತಹ ತಾಳ್ಮೆಯ ಬಾಳಿಗೂ ವಿಪತ್ತು ತಪ್ಪಿದ್ದಲ್ಲ. 1998ರಲ್ಲಿ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಮೊದಲು ಕಾಣಿಸಿಕೊಂಡ ನುಸಿ ಪೀಡೆಯು ಕೆಲವೇ ವರ್ಷಗಳಲ್ಲಿ ಈ ನಾಡಿನ ತೋಟಗಳನ್ನೂ ಮುತ್ತಿತು. ಅನಂತರ ಮಳೆ ತಪ್ಪಿದ ವರ್ಷಗಳು ಬಂದವು. ಕೊಳವೆ ಬಾವಿಗಳು ಬತ್ತಿದವು. ಸುಳಿ ಒಣಗಿದ ಮರಗಳು ಬೋಳು ಕಂಬಗಳಂತೆ ನಿಂತವು. ಇವೆಲ್ಲವನ್ನೂ ಕಂಡ ರೈತನು, ದಿನವೂ ಲಿಂಗಪೂಜೆ ತಪ್ಪಿಸದವನು, ಕರದಿಷ್ಟಲಿಂಗವನ್ನು ದಿಟ್ಟಿಸಿ, “ಅಪ್ಪಾ, ಯಾರಿಗೇನು ಕೇಡು ಬಗೆದಿದ್ದೆ?” ಎಂದು ಕೇಳಿದರೆ ಅದು ನಾಸ್ತಿಕತೆಯಲ್ಲ. ನಂಬಿದವನೇ ಕೇಳಬಲ್ಲ ಪ್ರಶ್ನೆಯಿದು. ದೇವರೇ ಇಲ್ಲವೆನ್ನುವವನಿಗೆ ಬರವು ಬರವಷ್ಟೆ. ಅವನು ದೂರುವುದಾದರೂ ಯಾರಲ್ಲಿ?

ಈ ಪ್ರಶ್ನೆಯ ಸ್ವರೂಪವನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಶಿವನು ಸರ್ವಶಕ್ತನೆಂದೂ ಪರಮಕರುಣಾಳುವೆಂದೂ ಭಕ್ತನ ನಂಬುಗೆ. ಸರ್ವಶಕ್ತನಾದರೆ ದುಃಖವನ್ನು ನಿವಾರಿಸಬಲ್ಲ. ಕರುಣಾಳುವಾದರೆ ನಿವಾರಿಸಲು ಬಯಸುವನು. ಆದರೂ ದುಃಖವಿದೆ. ಗ್ರೀಸಿನ ಎಪಿಕ್ಯೂರಸನ ಹೆಸರಿನಲ್ಲಿ ಪ್ರಸಿದ್ಧವಾದ ಈ ತರ್ಕವು ಯುರೋಪಿನ ಚಿಂತಕರನ್ನು ಬಹುಕಾಲ ಕಾಡಿತು. ಜರ್ಮನಿಯ ಲೈಬ್ನಿಟ್ಸನು 1710ರಲ್ಲಿ, ಸಾಧ್ಯವಿರುವ ಲೋಕಗಳಲ್ಲೆಲ್ಲ ಇದೇ ಶ್ರೇಷ್ಠವೆಂದು ವಾದಿಸಿದನು. 1755ರ ನವೆಂಬರ್ 1ರಂದು, ಕ್ರೈಸ್ತರ ಸರ್ವ ಸಂತರ ಹಬ್ಬದ ದಿನ, ಜನರು ಇಗರ್ಜಿಗಳಲ್ಲಿ ಪ್ರಾರ್ಥನೆಗೆ ನೆರೆದಿದ್ದಾಗಲೇ ಲಿಸ್ಬನ್ ನಗರವು ಭೂಕಂಪದಿಂದ ನೆಲಸಮವಾಯಿತು. ಫ್ರಾನ್ಸಿನ ವಾಲ್ಟೇರನು ಆ ವಾದವನ್ನು ಕಟುವಾಗಿ ಹಳಿದುದು ಈ ಘಟನೆಯ ತರುವಾಯವೇ.

ನಮ್ಮ ಮೈಸೂರು ಸೀಮೆಗೂ ಇಂತಹದೊಂದು ಪರೀಕ್ಷೆ ಬಂದಿತ್ತು. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆದರು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಮಿಗಿಲಾಗಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಶಿವನ ಹೆಸರನ್ನೇ ಹೊತ್ತ ಸಂವತ್ಸರದಲ್ಲಿ ಜನರು ಹಸಿವಿನಿಂದ ಮಡಿದರು. ಅವರಲ್ಲಿ ಪಾಪ ಪುಣ್ಯಗಳ ಅರಿವಿಲ್ಲದ ಹಸುಗೂಸುಗಳೂ ಇದ್ದವು.

ಭಾರತೀಯ ದರ್ಶನಗಳಲ್ಲಿ ಈ ಆಕ್ಷೇಪಕ್ಕೆ ವೈಷಮ್ಯ, ನೈರ್ಘೃಣ್ಯ ಎಂಬ ಎರಡು ಹೆಸರುಗಳುಂಟು. ದೇವರು ಕೆಲವರಿಗೆ ಸುಖವನ್ನೂ ಕೆಲವರಿಗೆ ದುಃಖವನ್ನೂ ಕೊಟ್ಟರೆ ಪಕ್ಷಪಾತಿ. ನೋಡುತ್ತ ಸುಮ್ಮನಿದ್ದರೆ ನಿರ್ದಯಿ. ಇದಕ್ಕೆ ಬ್ರಹ್ಮಸೂತ್ರಕಾರರು ನೀಡಿದ ಸಮಾಧಾನವು ಕರ್ಮಸಿದ್ಧಾಂತ. ಮಳೆಯು ಎಲ್ಲ ಹೊಲಗಳ ಮೇಲೂ ಸಮನಾಗಿ ಸುರಿದರೂ ಬಿತ್ತಿದ ಬೀಜಕ್ಕೆ ತಕ್ಕ ಪೈರು ಬರುವಂತೆ, ಜೀವನು ಮಾಡಿದ ಕರ್ಮಕ್ಕೆ ತಕ್ಕ ಫಲವನ್ನು ಉಣ್ಣುತ್ತಾನೆ. ತರ್ಕದ ದೃಷ್ಟಿಯಿಂದ ಇದು ಗಟ್ಟಿಯಾದ ಸಮಾಧಾನವೇ ಸರಿ. ದೇವರ ನ್ಯಾಯವು ಉಳಿಯುತ್ತದೆ; ಮನುಷ್ಯನ ಹೊಣೆಯೂ ಉಳಿಯುತ್ತದೆ.

ವೀರಶೈವ ಸಿದ್ಧಾಂತವು ಕರ್ಮವನ್ನು ಅಲ್ಲಗಳೆಯದೆ ಅದರ ಬೇರನ್ನು ಶೋಧಿಸುತ್ತದೆ. ಆಣವ, ಮಾಯಾ, ಕಾರ್ಮಿಕ ಎಂಬ ಮಲತ್ರಯಗಳಲ್ಲಿ ಆಣವವೇ ಮೂಲ. ವಿಭುವಾದ ಚೈತನ್ಯವು ತನ್ನನ್ನು ಅಣುವೆಂದು ಭ್ರಮಿಸುವುದು ಆಣವ. ಅದರಿಂದ ನಾನು ಬೇರೆ, ನೀನು ಬೇರೆ ಎಂಬ ಭೇದವು ಮಾಯಾಮಲ. ಆ ಭೇದದಿಂದ ಮಾಡುವ ಕ್ರಿಯೆಗಳ ಬಂಧನವು ಕಾರ್ಮಿಕ. ಹೀಗಿರುವುದರಿಂದ ಕೇಡೆಂಬುದು ಶಿವನಿಗೆ ಪ್ರತಿಯಾಗಿ ನಿಂತ ಇನ್ನೊಂದು ಶಕ್ತಿಯಲ್ಲ. ಕ್ರೈಸ್ತರ ಸೈತಾನನಂತಹವನಿಗೆ ಇಲ್ಲಿ ಸ್ಥಾನವಿಲ್ಲ. ಕೇಡೆಂಬುದು ಕುಗ್ಗಿದ ಅರಿವು. ಗುರುವು ವೇಧಾ, ಮಂತ್ರ, ಕ್ರಿಯಾ ದೀಕ್ಷೆಗಳಿಂದ ಈ ಮೂರನ್ನೂ ಕಳೆಯುತ್ತಾನೆ. ಕರ್ಮವೇ ಅಂತಿಮ ನಿಯಮವಾಗಿದ್ದರೆ ದೀಕ್ಷೆಗೆ ಅರ್ಥವೇ ಇರುತ್ತಿರಲಿಲ್ಲ. ಶಿವನ ಕಾರುಣ್ಯವು ಕರ್ಮಕ್ಕಿಂತ ಹಿರಿದೆಂಬುದೇ ದೀಕ್ಷೆಯ ತಾತ್ಪರ್ಯ.

ಶರಣರು ಕರ್ಮಸಿದ್ಧಾಂತದ ದುರ್ಬಳಕೆಯನ್ನು ಒಪ್ಪದೆ ಹೋದುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಹೊಲಗೇರಿಯಲ್ಲಿ ಹುಟ್ಟಿದವನ ಕಷ್ಟಕ್ಕೆ ಅವನ ಪೂರ್ವಜನ್ಮದ ಪಾಪವೇ ಕಾರಣವೆಂದು ಹೇಳಿ, ಅವನನ್ನು ಅಲ್ಲಿಯೇ ಇರಿಸಿದ್ದ ಸಮಾಜವನ್ನು 12ನೆಯ ಶತಮಾನದ ಕಲ್ಯಾಣವು ಪ್ರಶ್ನಿಸಿತು. ಕರ್ಮವು ಅನ್ಯರ ದುಃಖಕ್ಕೆ ಹೊದಿಸುವ ಮುಸುಕಾದಾಗ ಧರ್ಮವೇ ಕೇಡಿನ ಪಕ್ಷಪಾತಿಯಾಗುತ್ತದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ವಿವಾಹವನ್ನು ಶರಣರು ಮನ್ನಿಸಿದುದು ಈ ಕಾರಣದಿಂದಲೇ.

ಅದರ ಫಲವೇನಾಯಿತು? ಪರಂಪರೆಯು ಹೇಳುವಂತೆ ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತು. ಕಲ್ಯಾಣವು ಕ್ರಾಂತಿಗೆ ತುತ್ತಾಗಿ ಶರಣರು ದಿಕ್ಕಾಪಾಲಾದರು. ಲೋಕದಲ್ಲಿ ಒಳ್ಳೆಯವರಿಗೇ ಏಕೆ ಕೇಡು ಎಂಬ ಪ್ರಶ್ನೆಗೆ ವೀರಶೈವ ಇತಿಹಾಸದಲ್ಲಿ ಇದಕ್ಕಿಂತ ಘೋರವಾದ ನಿದರ್ಶನವಿಲ್ಲ. ಶರಣರು ಇದನ್ನು ಹರಳಯ್ಯನ ಹಿಂದಿನ ಜನ್ಮದ ಫಲವೆಂದು ಬಗೆದು ನೆಮ್ಮದಿ ತಾಳಲಿಲ್ಲ. ಅರಸನ ಅನ್ಯಾಯವನ್ನು ಅನ್ಯಾಯವೆಂದೇ ಕರೆದರು. ಅಳಿದುಳಿದವರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರು. ನಂಬುಗೆಯು ಪ್ರಶ್ನೆಗೆ ಉತ್ತರ ದೊರೆತ ಮೇಲೆ ಉಳಿದುದಲ್ಲ; ಉತ್ತರ ದೊರೆಯುವ ಮುನ್ನವೇ ಅದು ಹೆಜ್ಜೆ ಹಾಕಿತು.

ಇಲ್ಲಿ ಒಂದು ವಿವೇಕ ಅಗತ್ಯ. ಭಕ್ತನಿಗೆ ಪ್ರಸಾದತತ್ತ್ವವಿದೆ. ಸುಖ ದುಃಖಗಳೆರಡನ್ನೂ ಲಿಂಗಕ್ಕೆ ಅರ್ಪಿಸಿ, ಬಂದುದನ್ನು ಪ್ರಸಾದವೆಂದು ಸ್ವೀಕರಿಸುವುದು ಪ್ರಸಾದಿಸ್ಥಲದ ಲಕ್ಷಣ. ಇದು ಅತ್ಯಂತ ಉನ್ನತವಾದ ನಿಲುವು. ಆದರೆ ಇದು ಅನುಭವಿಸುವವನ ಮಾತೇ ಹೊರತು ನೋಡುವವನ ಮಾತಲ್ಲ. ತೋಟ ಒಣಗಿದವನು, “ಇದೂ ಶಿವನ ಪ್ರಸಾದ” ಎಂದರೆ ಅದು ಭಕ್ತಿ. ಹಸಿರು ತೋಟದಲ್ಲಿ ಎಳನೀರು ಕುಡಿಯುತ್ತಿರುವವನು ನೆರೆಯವನಿಗೆ ಅದೇ ಮಾತನ್ನು ಹೇಳಿದರೆ ಅದು ನಿರ್ದಯೆ. ಕರ್ಮದ ಮಾತೂ ಹಾಗೆಯೇ. ತನ್ನ ನಡೆಯನ್ನು ತಿದ್ದಿಕೊಳ್ಳಲು ಅದು ಕನ್ನಡಿ. ಪರರ ಮೇಲೆ ಎಸೆದರೆ ಕಲ್ಲು. ಯಹೂದ್ಯರ ಧರ್ಮಗ್ರಂಥದ ಯೋಬನ ಕಥೆಯೂ ಇದನ್ನೇ ಸೂಚಿಸುತ್ತದೆ. ಮಕ್ಕಳು ಮನೆ ಎಲ್ಲವನ್ನೂ ಕಳೆದುಕೊಂಡ ಆ ಸಜ್ಜನನಿಗೆ, “ನೀನು ಪಾಪ ಮಾಡಿರಲೇಬೇಕು” ಎಂದು ಸ್ನೇಹಿತರು ಬೋಧಿಸಿದರು. ಕೊನೆಯಲ್ಲಿ ದೇವರು ಗದರಿಸಿದ್ದು ಆ ಸ್ನೇಹಿತರನ್ನು.

ಹಾಗಾದರೆ ಅನ್ಯರ ದುಃಖದ ಮುಂದೆ ಶರಣನ ಉತ್ತರವೇನು? ದಾಸೋಹ. ತರ್ಕಕ್ಕೆ ಸಿಗದ ಪ್ರಶ್ನೆಗೆ ಕ್ರಿಯೆಯ ಉತ್ತರವಿದು. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪಲಿಲ್ಲ. ಮಿಕ್ಕುದನ್ನು ಹಿಂದಿರುಗಿಸಲು ಹೇಳಿದಳು. ಅವಳ ಆ ನಿಷ್ಠುರತೆಯಲ್ಲಿ ಕ್ಷಾಮದ ಒಂದು ಕಾರಣವೇ ಬಯಲಾಗುತ್ತದೆ. ಮಳೆ ಬಾರದಿದ್ದುದು ಪ್ರಕೃತಿಯ ವ್ಯಾಪಾರ. ಆದರೆ 1877ರಲ್ಲಿ ದಕ್ಷಿಣ ಭಾರತವು ಹಸಿದಿದ್ದಾಗ ಇದೇ ದೇಶದ ಬಂದರುಗಳಿಂದ ಗೋಧಿಯು ಇಂಗ್ಲೆಂಡಿಗೆ ಸಾಗುತ್ತಿತ್ತು. ಅಂಗಡಿಯಲ್ಲಿದ್ದ ಧಾನ್ಯದ ಬೆಲೆ ಬಡವನ ಕೈಗೆ ಎಟುಕುತ್ತಿರಲಿಲ್ಲ. ಶಿವನ ಮೇಲೆ ಹೊರಿಸುವ ದೂರಿನಲ್ಲಿ ಮನುಷ್ಯನ ಪಾಲೆಷ್ಟೆಂದು ಮೊದಲು ಅಳೆಯಬೇಕು. ಅಳೆದು ಕಳೆದ ಮೇಲೂ ಸ್ವಲ್ಪ ಉಳಿಯುತ್ತದೆ. ಹಸುಗೂಸಿನ ಸಾವು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಬಸವಣ್ಣನವರೂ ಕೂಡಲಸಂಗಯ್ಯನೊಡನೆ ಮಗನು ತಂದೆಯೊಡನೆ ವ್ಯಾಜ್ಯಕ್ಕೆ ನಿಂತಂತೆ ಎಷ್ಟೋ ಸಲ ನಿಂತಿದ್ದಾರೆ. ಆ ವ್ಯಾಜ್ಯವೂ ಭಕ್ತಿಯ ಒಂದು ಮುಖವೇ.

ಸೊನ್ನಲಿಗೆಯ ಸಿದ್ಧರಾಮನು ಬಾಯಾರಿದ ನಾಡಿಗೆ ಕೆರೆ ಕಟ್ಟಿಸಿದನು. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಅವನನ್ನು ಕೆಣಕಿದುದು ಕೆರೆಯನ್ನು ಕುರಿತಲ್ಲ. ಕಟ್ಟಿಸಿದವನು ನಾನೆಂಬ ಆಣವವನ್ನು ಕುರಿತು. ಅಹಂಕಾರವಳಿದ ಮೇಲೂ ಕೆರೆಯ ನೀರು ಜನರಿಗೆ ಬೇಕೇ ಬೇಕು. ತೋಟದಲ್ಲಿ ತಪಸ್ಸು ಮಾಡಿ ತೋಂಟದಾರ್ಯರೆನಿಸಿದ, ಎಡೆಯೂರಿನಲ್ಲಿ ನೆಲೆಸಿದ ಸಿದ್ಧಲಿಂಗಯತಿಗಳು ಇದೇ ತುಮಕೂರು ನಾಡಿನವರೆಗೆ ಷಟ್‌ಸ್ಥಲಜ್ಞಾನವನ್ನು ತಂದು ಹರಡಿದರು. ಇದೇ ನಾಡಿನ ಸಿದ್ಧಗಂಗೆಯಲ್ಲಿ, 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಯೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಹಸಿದ ಮಗುವಿಗೆ ಹಸಿವಿನ ಕಾರಣವನ್ನು ವಿವರಿಸುವುದಕ್ಕೆ ಮೊದಲು ಅಲ್ಲಿ ಎಲೆ ಹಾಕುತ್ತಿದ್ದರು.

ಹಂದನಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಈ ಸೀಮೆಯ ಹಳ್ಳಿ ಹಳ್ಳಿಗೂ ಹಿಂದಿನವರು ಕೆರೆಕಟ್ಟೆಗಳನ್ನು ಕಟ್ಟಿದುದು ಬರವು ಮತ್ತೆ ಬರುವುದೆಂದು ಬಲ್ಲವರಾಗಿಯೇ. ಶಿವನು ಏಕೆ ಮಳೆ ಸುರಿಸಲಿಲ್ಲವೆಂದು ಅವರೂ ಕೇಳಿರಬೇಕು. ಕೇಳುತ್ತಲೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಏರಿಗೆ ಹಾಕಿದರು. ಆ ಏರಿಯ ಹೂಳೆತ್ತಿ, ತೂಬು ಸರಿಪಡಿಸಿ, ತೋಟ ಒಣಗಿದ ನೆರೆಯವನಿಗೆ ಒಂದು ಪಾಲು ನೀರು ಬಿಡುವುದು ಇಂದಿನ ಭಕ್ತನ ಪಾಲಿನ ಉತ್ತರ. ಉಳಿದುದನ್ನು ಅವನು ಕರದಿಷ್ಟಲಿಂಗವನ್ನು ನೋಡುತ್ತ ಕೇಳುತ್ತಲೇ ಇರಬಹುದು. ಶಿವನು ಅದಕ್ಕೆ ಮುನಿಯುವವನಲ್ಲ.