ಕೈಗೆ ಬಂದ ವಿದ್ಯೆ

ಮನುಷ್ಯನು ಮನೆ, ಹೊಲ, ಒಡವೆಗಳನ್ನು ಕಳೆದುಕೊಳ್ಳಬಹುದು. ಕಲಿತ ವಿದ್ಯೆಯನ್ನು ಮಾತ್ರ ಯಾರೂ ಕಸಿದುಕೊಳ್ಳಲಾರರು ಎಂಬ ಮಾತನ್ನು ನಾವು ಹಿರಿಯರಿಂದ ಕೇಳಿದ್ದೇವೆ. ಆದರೆ ಎಳೆಯ ವಯಸ್ಸಿನಲ್ಲಿಯೇ ನೆಲೆ ತಪ್ಪಿ, ಭಾಷೆ ತಿಳಿಯದ ನಾಡನ್ನು ಸೇರಿದವರು ಆ ವಿದ್ಯೆಯನ್ನು ಎಲ್ಲಿಂದ ಪಡೆಯಬೇಕು? ಕ್ಲೋಯಿ ಡಾವ್ ಎಂಬ ವಸ್ತ್ರವಿನ್ಯಾಸಕಿಯ ಬಾಳು ಈ ಪ್ರಶ್ನೆಗೆ ಒಂದು ಉತ್ತರವಾಗಿದೆ.

ಕ್ಲೋಯಿ ೧೯೭೨ರಲ್ಲಿ ಲಾವೋಸ್ ದೇಶದ ಪಾಕ್ಸೆ ಎಂಬ ಪಟ್ಟಣದಲ್ಲಿ ಜನಿಸಿದರು. ಅವರ ತಂದೆತಾಯಿಗಳು ವಿಯೆಟ್ನಾಂ ಮೂಲದವರು. ಆ ದಂಪತಿಗಳ ಎಂಟು ಮಂದಿ ಹೆಣ್ಣುಮಕ್ಕಳಲ್ಲಿ ಕ್ಲೋಯಿ ಆರನೆಯವರು. ಆ ಕಾಲದಲ್ಲಿ ವಿಯೆಟ್ನಾಂ, ಲಾವೋಸ್ ಮತ್ತು ಕಾಂಬೋಡಿಯ ದೇಶಗಳು ದೀರ್ಘ ಯುದ್ಧದಿಂದ ನೊಂದಿದ್ದವು. ೧೯೭೫ರ ಏಪ್ರಿಲ್ ೩೦ರಂದು ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಉತ್ತರದ ಸೇನೆಯ ವಶವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಲಾವೋಸಿನಲ್ಲಿ ಅರಸೊತ್ತಿಗೆ ಕೊನೆಗೊಂಡು ಕಮ್ಯುನಿಸ್ಟ್ ಆಡಳಿತ ಸ್ಥಾಪನೆಯಾಯಿತು. ಮುಂದಿನ ಎರಡು ದಶಕಗಳಲ್ಲಿ ಈ ಮೂರು ದೇಶಗಳಿಂದ ಸುಮಾರು ೩೦ ಲಕ್ಷ ಜನರು ಹೊರನಡೆದರು.

ಸ್ವದೇಶದಲ್ಲಿ ಹಿಂಸೆಗೆ ಗುರಿಯಾಗುವ ಭಯದಿಂದ ಗಡಿ ದಾಟಿ, ಮರಳಿ ಹೋಗಲಾರದೆ ಉಳಿದವರನ್ನು ನಿರಾಶ್ರಿತರೆಂದು ಕರೆಯುತ್ತೇವೆ. ಲಾವೋಸಿನವರಿಗೆ ಆ ಗಡಿಯೆಂದರೆ ಬಹುಮಟ್ಟಿಗೆ ಮೆಕಾಂಗ್ ನದಿ. ಅದರ ಆಚೆಯ ದಡವೇ ಥಾಯ್ಲೆಂಡ್. ಎಷ್ಟೋ ಜನರು ರಾತ್ರಿಯ ಕತ್ತಲಿನಲ್ಲಿ ಸಣ್ಣ ದೋಣಿಗಳಲ್ಲಿ, ಕೆಲವರು ಈಜಿಯೇ, ಆ ನದಿಯನ್ನು ದಾಟಿದರು. ದಾಟಲಾರದೆ ಪ್ರಾಣ ಬಿಟ್ಟವರೂ ಉಂಟು. ಡಾವ್ ಕುಟುಂಬವು ೧೯೭೬ರಲ್ಲಿ ಊರು ಬಿಟ್ಟು, ಥಾಯ್ಲೆಂಡಿನ ನಾಂಗ್ ಖಾಯ್ ಎಂಬಲ್ಲಿನ ನಿರಾಶ್ರಿತರ ಶಿಬಿರವನ್ನು ಸೇರಿತು. ಬೇರೆ ಯಾವುದಾದರೂ ದೇಶವು ತಮ್ಮನ್ನು ಬರಮಾಡಿಕೊಳ್ಳುವವರೆಗೆ ಕಾಯುವುದೇ ಶಿಬಿರದವರ ಬದುಕು. ೧೯೭೯ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹೂಸ್ಟನ್ ನಗರವು ಆ ಕುಟುಂಬಕ್ಕೆ ನೆಲೆಯಾಯಿತು.

ಹತ್ತು ವರ್ಷದ ಬಾಲಕಿಯಾಗಿದ್ದಾಗ ಕ್ಲೋಯಿ ದೂರದರ್ಶನದಲ್ಲಿ ಉಡುಪುಗಳ ಕುರಿತ ಒಂದು ಕಾರ್ಯಕ್ರಮವನ್ನು ಕಂಡು, ತಾನೂ ವಸ್ತ್ರವಿನ್ಯಾಸಕಿಯಾಗಬೇಕೆಂದು ಬಯಸಿದರು. ಬಯಕೆ ಕ್ಷಣದಲ್ಲಿ ಹುಟ್ಟುತ್ತದೆ. ಅದಕ್ಕೆ ಕೈ ಪಳಗಲು ವರ್ಷಗಳು ಬೇಕು. ಅವರು ನ್ಯೂಯಾರ್ಕಿಗೆ ಹೋಗಿ, ಫ್ಯಾಷನ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಎಂಬ ವಿದ್ಯಾಸಂಸ್ಥೆಯಲ್ಲಿ ಉಡುಪಿನ ನಕ್ಷೆ ತಯಾರಿಸುವ ವಿದ್ಯೆಯನ್ನು ಕಲಿತರು.

ಈ ವಿದ್ಯೆ ಎಂತಹುದು? ಬಟ್ಟೆ ಚಪ್ಪಟೆಯಾದದ್ದು; ಮನುಷ್ಯನ ದೇಹವಾದರೋ ಉಬ್ಬುತಗ್ಗುಗಳುಳ್ಳದ್ದು. ಒಂದನ್ನು ಇನ್ನೊಂದಕ್ಕೆ ಹೊಂದಿಸುವುದು ಸುಲಭವಲ್ಲ. ಅದಕ್ಕಾಗಿ ಮೊದಲು ಅಳತೆಗಳನ್ನು ತೆಗೆದುಕೊಂಡು, ಮುಂಭಾಗ, ಹಿಂಭಾಗ, ತೋಳು, ಕೊರಳಪಟ್ಟಿಗಳ ಆಕಾರವನ್ನು ಕಾಗದದ ಮೇಲೆ ಬರೆಯುತ್ತಾರೆ. ಹೊಲಿಗೆಗೆ ಬೇಕಾದಷ್ಟು ಅಂಚು ಬಿಡುತ್ತಾರೆ. ಸೊಂಟದ ಬಳಿ ಬಟ್ಟೆ ಒಳಸರಿಯಬೇಕಾದಲ್ಲಿ ಮಡಿಕೆ ಹಿಡಿಯಲು ಗುರುತು ಹಾಕುತ್ತಾರೆ. ಕಾಗದವನ್ನು ಬಟ್ಟೆಯ ಮೇಲೆ ಇಡುವಾಗ ನೂಲಿನ ಎಳೆಯ ದಿಕ್ಕನ್ನೂ ಗಮನಿಸುತ್ತಾರೆ. ಎಳೆ ಓರೆಯಾದರೆ ಉಡುಪು ಬೇರೆ ಬಗೆಯಲ್ಲಿ ಜೋಲುತ್ತದೆ. ಕಾಗದದಲ್ಲಿ ಉಳಿದ ಸಣ್ಣ ತಪ್ಪು ಉಡುಪಿನಲ್ಲಿ ಎದ್ದು ಕಾಣುತ್ತದೆ. ನೋಡುವವರು ಬಣ್ಣವನ್ನೂ ಸೊಬಗನ್ನೂ ಮೆಚ್ಚುತ್ತಾರೆ. ಅವುಗಳಿಗೆ ಆಧಾರವಾದ ಲೆಕ್ಕ ಅವರ ಕಣ್ಣಿಗೆ ಬೀಳುವುದಿಲ್ಲ.

ನ್ಯೂಯಾರ್ಕಿನಲ್ಲಿ ಕೆಲವು ವರ್ಷ ದುಡಿದ ಬಳಿಕ ಕ್ಲೋಯಿ ಹೂಸ್ಟನ್ನಿಗೆ ಹಿಂದಿರುಗಿ, ೨೦೦೦ದಲ್ಲಿ ಸ್ವಂತ ಉಡುಪಿನ ಅಂಗಡಿಯನ್ನು ತೆರೆದರು. ಅದಕ್ಕೆ ಅವರಿಟ್ಟ ಹೆಸರು ‘ಲಾಟ್ ೮’. ಆ ಎಂಟು ಎಂಬ ಅಂಕಿಯು ಎಂಟು ಮಂದಿ ಅಕ್ಕತಂಗಿಯರ ಸ್ಮರಣೆಗಾಗಿ ಬಂದದ್ದು. ಒಟ್ಟಿಗೆ ಗಡಿ ದಾಟಿದವರನ್ನು ಅವರು ಅಂಗಡಿಯ ಬಾಗಿಲಲ್ಲಿಯೇ ನೆನೆದರು.

ಅನಂತರ ಅವರು ‘ಪ್ರಾಜೆಕ್ಟ್ ರನ್‌ವೇ’ ಎಂಬ ದೂರದರ್ಶನ ಸ್ಪರ್ಧೆಗೆ ಸೇರಿದರು. ಗೊತ್ತುಪಡಿಸಿದ ಅವಧಿಯಲ್ಲಿ, ಮಿತವಾದ ಹಣದಲ್ಲಿ ಉಡುಪನ್ನು ಸಿದ್ಧಪಡಿಸುವುದು ಅಲ್ಲಿನ ನಿಯಮ. ಅಂತಹ ಕಡೆ ಕೇವಲ ಕಲ್ಪನೆ ಸಾಲದು. ಪಳಗಿದ ಕೈ ಬೇಕು. ೨೦೦೬ರ ಮಾರ್ಚಿಯಲ್ಲಿ ಆ ಸ್ಪರ್ಧೆಯ ಎರಡನೆಯ ಆವೃತ್ತಿಯ ವಿಜೇತರಾಗಿ ಕ್ಲೋಯಿ ಡಾವ್ ಅವರ ಹೆಸರು ಘೋಷಿತವಾಯಿತು.

ನಿರಾಶ್ರಿತರೆಂದರೆ ಕೈಚಾಚುವವರು ಎಂದು ಭಾವಿಸುವವರಿದ್ದಾರೆ. ಆಶ್ರಯ ಕೊಟ್ಟ ನಾಡಿಗೆ ಅವರು ಏನನ್ನು ಕೊಡಬಲ್ಲರೆಂಬುದು ಶಿಬಿರದ ಬಾಗಿಲಲ್ಲಿ ನಿಂತಾಗ ಯಾರಿಗೂ ತಿಳಿದಿರುವುದಿಲ್ಲ. ನಾಂಗ್ ಖಾಯ್ ಶಿಬಿರದ ಆ ಪುಟ್ಟ ಬಾಲಕಿಗೂ ತಿಳಿದಿರಲಿಲ್ಲ. ನೆಲೆ ದೊರೆತ ಮೇಲೆ ಕಲಿಯಲು ಅವಕಾಶ ದೊರೆಯಿತು. ದೊರೆತ ಅವಕಾಶವನ್ನು ಅವರು ದುಡಿಮೆಯಿಂದ ಸಾರ್ಥಕಗೊಳಿಸಿದರು.