ಸೈಕಲ್ಲಿನ ಕುಲುಕಾಟಕ್ಕೊಂದು ನಕ್ಷೆ

ಪ್ರಶ್ನೆ: ದಿನಾ ಬೆಟಗೇರಿಯಿಂದ ಗದಗಿಗೆ ಸೈಕಲ್ ಮೇಲೆ ಹೋಗುತ್ತೇನೆ. ದಾರಿಯ ತಗ್ಗು-ದಿನ್ನೆಗಳನ್ನು ಕಿಸೆಯಲ್ಲಿರುವ ಮೊಬೈಲೇ ಗುರುತಿಸಬಲ್ಲದೆ?

ಉತ್ತರ: ಖಂಡಿತ ಗುರುತಿಸಬಲ್ಲದು. ಮೊಬೈಲಿನೊಳಗೆ ವೇಗೋತ್ಕರ್ಷ ಅಳೆಯುವ ಅಕ್ಸೆಲರೋಮೀಟರ್ ಎಂಬ ಪುಟ್ಟ ಚಿಪ್ ಇದೆ. ಚಕ್ರ ತಗ್ಗಿಗೆ ಇಳಿದೊಡನೆ ಅದರ ಅಂಕಿ ಕುಸಿಯುತ್ತದೆ, ಆಚೆಯ ಅಂಚಿಗೆ ಬಡಿದಾಗ ಜಿಗಿಯುತ್ತದೆ. ಸೆಕೆಂಡಿಗೆ 50 ಸಲ ಅಳೆದರೆ, ಗಂಟೆಗೆ 15 ಕಿ.ಮೀ. ವೇಗದ ಸೈಕಲ್‌ಗೆ ಸುಮಾರು 8 ಸೆಂ.ಮೀ.ಗೊಂದು ಅಂಕಿ ಸಿಗುತ್ತದೆ. ಆ ಜಾಗ ಯಾವುದೆಂದು ಜಿಪಿಎಸ್ ಹೇಳುತ್ತದೆ. ಅದು ಕೆಲವು ಮೀಟರ್ ಆಚೀಚೆ ತೋರಿಸುವುದರಿಂದ ಹಲವು ದಿನಗಳ ದಾಖಲೆಯನ್ನು ಒಟ್ಟುಗೂಡಿಸಬೇಕು.

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಪ್ರಶಾಂತ್ ಮೋಹನ್, ವೆಂಕಟ ಪದ್ಮನಾಭನ್ ಮತ್ತು ರಾಮಚಂದ್ರನ್ ರಾಮ್‌ಜಿ 2008ರಲ್ಲೇ ‘ನೆರಿಸೆಲ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿದರು. ವಾಹನದಲ್ಲಿಟ್ಟ ಮೊಬೈಲಿನಿಂದ ರಸ್ತೆಗುಂಡಿ, ಬ್ರೇಕು, ಹಾರ್ನುಗಳನ್ನು ಗುರುತಿಸುವ ವಿಧಾನ ಅದು. ಮೊಬೈಲ್ ಹೇಗೇ ಮಲಗಿದ್ದರೂ ಗುರುತ್ವದ ನೆರವಿನಿಂದ ಮೇಲು-ಕೆಳಗು ತಿಳಿಯುತ್ತಿತ್ತು. ಗಂಟೆಗೆ 25 ಕಿ.ಮೀ.ಗಿಂತ ನಿಧಾನವಾಗಿ ಹೋಗುವಾಗ ಏಟಿನ ಜೋರಿಗಿಂತ, ಅಂಕಿಯ ಕುಸಿತ ಎಷ್ಟು ಹೊತ್ತು ಇತ್ತೆಂಬುದನ್ನು ಅವರು ನೋಡಿದರು. ಸೈಕಲ್ಲಿಗೆ ಒಪ್ಪುವ ಉಪಾಯ ಇದೇ.

ನೀವೂ ಮಾಡಿ ನೋಡಬಹುದು. ಜರ್ಮನಿಯ ಆಖನ್ ವಿಶ್ವವಿದ್ಯಾಲಯ ರೂಪಿಸಿದ ‘ಫೈಫಾಕ್ಸ್’ ಆ್ಯಪ್ ಉಚಿತ. ಮೊಬೈಲನ್ನು ಹ್ಯಾಂಡಲ್‌ಗೆ ಬಿಗಿಯಾಗಿ ಕಟ್ಟಿ, ಅದರಲ್ಲಿ ಅಂಕಿಗಳನ್ನು ದಾಖಲಿಸಿ. ಆಮೇಲೆ ದಾರಿಯ ನಕ್ಷೆಯಲ್ಲಿ ಹೆಚ್ಚು ಕುಲುಕಿದ ಜಾಗಕ್ಕೆ ಕೆಂಪು, ನುಣುಪಾದಲ್ಲಿ ಹಸಿರು ಬಣ್ಣ ಹಚ್ಚಿ.

ನಮ್ಮ ಸೀಮೆಯ ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುತ್ತದೆ. ಮೇಲಿನ ರಸ್ತೆಯೂ ಏರುಪೇರಾಗುತ್ತದೆ. ಹಾಗಾಗಿ ಮಳೆಗಾಲಕ್ಕೆ ಮುಂಚೊಮ್ಮೆ, ಆಮೇಲೊಮ್ಮೆ ಅಳೆಯಿರಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಶಾಲಾ ಮಕ್ಕಳೂ ತಮ್ಮ ದಾರಿಯ ಇಂಥ ನಕ್ಷೆ ಬಿಡಿಸಲಿ. ಮೊದಲು ಎಲ್ಲಿ ದುರಸ್ತಿ ಆಗಬೇಕೆಂದು ಊರಿನವರು ಅದನ್ನು ಮುಂದಿಟ್ಟುಕೊಂಡೇ ಕೇಳಬಹುದು.