ಮನೆಯ ಹಾಡುಗಳಿಗೆ ಯಾವ ಸರ್ವರ್? ನಂಬಿಕೆ ಮತ್ತು ನಿಜ

ಸಿಡಿಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡಾಯಿತು. ಇನ್ನು ಅವನ್ನು ಫೋನು, ಟಿವಿ, ಹಾಲಿನ ಸ್ಪೀಕರ್ ಎಲ್ಲದರಲ್ಲೂ ಕೇಳಬೇಕು. ಅದಕ್ಕೆ ನೆರವಾಗುವ ಪ್ಲೆಕ್ಸ್, ಜೆಲ್ಲಿಫಿನ್, ನ್ಯಾವಿಡ್ರೋಮ್, ಲೈರಿಯನ್, ರೂನ್ ಎಂಬ ಸರ್ವರ್ ಸಾಫ್ಟ್‌ವೇರ್‌ಗಳ ನಡುವೆ ಆಯ್ಕೆಗೆ ಕೂತಾಗ ದಾರಿ ತಪ್ಪಿಸುವ ಕೆಲವು ನಂಬಿಕೆಗಳಿವೆ.

ನಂಬಿಕೆ: ದುಬಾರಿ ಸಾಫ್ಟ್‌ವೇರ್‌ನಲ್ಲಿ ಹಾಡು ಇನ್ನೂ ಚೆನ್ನಾಗಿ ಕೇಳಿಸುತ್ತದೆ.
ನಿಜ: ಗುಣಮಟ್ಟ ಕಳೆಯದೆ ಉಳಿಸಿದ ಫ್ಲಾಕ್ ಫೈಲನ್ನು ಬದಲಿಸದೆ ಕಳಿಸಿದರೆ ಯಾವ ಸರ್ವರ್‌ನಿಂದ ಬಂದರೂ ಬಿಟ್‌ಗಳು ಅವೇ. ಸರ್ವರ್ ಅದನ್ನು ದಾರಿಯಲ್ಲೇ ಕುಗ್ಗಿಸಿ ಕಳಿಸಿದರೆ ಮಾತ್ರ ಗುಣಮಟ್ಟ ಇಳಿಯುತ್ತದೆ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ರೂನ್‌ಗೆ ಕೊಡುವ ಹಣ ಮುಖ್ಯವಾಗಿ ಕಲಾವಿದರ ವಿವರ, ಹುಡುಕಾಟ, ಹಲವು ಕೋಣೆಗಳ ನಿರ್ವಹಣೆಯಂಥ ಸೌಲಭ್ಯಗಳಿಗೆ.

ನಂಬಿಕೆ: ಫೋಲ್ಡರ್‌ಗಳು ಅಚ್ಚುಕಟ್ಟಾಗಿದ್ದರೆ ಸಾಕು.
ನಿಜ: ನ್ಯಾವಿಡ್ರೋಮ್ ಓದುವುದು ಫೋಲ್ಡರಿನ ಹೆಸರನ್ನಲ್ಲ, ಫೈಲಿನೊಳಗಿನ ಟ್ಯಾಗನ್ನು. ನಮ್ಮ ಚಿತ್ರಗೀತೆಗಳು ಎಡವುವುದು ಇಲ್ಲೇ. 1972ರ ‘ಬಂಗಾರದ ಮನುಷ್ಯ’ದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡಿದ್ದಾರೆ, ಪಿ. ಸುಶೀಲಾ ಹಾಡಿದ್ದಾರೆ, ಯುಗಳಗೀತೆಯೂ ಇದೆ. ‘ಆಲ್ಬಮ್ ಆರ್ಟಿಸ್ಟ್’ ಟ್ಯಾಗ್ ಖಾಲಿಯಿದ್ದರೆ ಒಂದೇ ಚಿತ್ರ ಗಾಯಕರಿಗೊಂದರಂತೆ ಹಲವು ಆಲ್ಬಮ್‌ಗಳಾಗಿ ಒಡೆದುಹೋಗಬಹುದು. ಅಲ್ಲಿ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಹೆಸರನ್ನು ತುಂಬಿದರೆ ಎಲ್ಲ ಹಾಡುಗಳೂ ಒಂದೆಡೆ ಸೇರುತ್ತವೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಿಸಿದ ಟ್ಯಾಗ್‌ಗಳು ಕಲಸುಮೇಲೋಗರದಂತೆ ಕಂಡರೆ ಅವನ್ನು ಯೂನಿಕೋಡ್‌ಗೆ ಬದಲಿಸಬೇಕು. ಟ್ಯಾಗ್‌ಗಳನ್ನು ತಿದ್ದಲು ಎಂಪಿ3ಟ್ಯಾಗ್, ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ಸಲಕರಣೆಗಳಿವೆ. ಇಷ್ಟು ಕೆಲಸ ಬೇಡ, ಫೋಲ್ಡರ್ ತೆರೆದೇ ಕೇಳುತ್ತೇನೆ ಎನ್ನುವವರಿಗೆ ಲೈರಿಯನ್ ವಾಸಿ.

ನಂಬಿಕೆ: ಭಾರೀ ಕಂಪ್ಯೂಟರ್ ಬೇಕು.
ನಿಜ: ಬೆವರಿಳಿಸುವುದು ವಿಡಿಯೊ, ಹಾಡಲ್ಲ. ನ್ಯಾವಿಡ್ರೋಮ್, ಲೈರಿಯನ್‌ಗಳಿಗೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಸಾಕು. ರೂನ್‌ಗೆ ಮಾತ್ರ ಹೆಚ್ಚು ಬಲದ ಯಂತ್ರ ಬೇಕು.

ನಂಬಿಕೆ: ಸರ್ವರ್ ಹಾಕಿದರೆ ಎಲ್ಲಿಂದ ಬೇಕಾದರೂ ಕೇಳಬಹುದು.
ನಿಜ: ಮನೆಯೊಳಗೆ ವೈಫೈ ಸಾಕು, ಹೊರಗಿನ ಮಾತು ಬೇರೆ. ನಮ್ಮಲ್ಲಿ ಎಷ್ಟೋ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ಐಪಿ ವಿಳಾಸ ಇರುತ್ತದೆ. ಹಾಗಾಗಿ ರೌಟರ್‌ನಲ್ಲಿ ಪೋರ್ಟ್ ತೆರೆದರೂ ಹೊರಗಿನಿಂದ ನಿಮ್ಮ ಸರ್ವರ್ ಸಿಗದು. ಟೇಲ್‌ಸ್ಕೇಲ್‌ನಂಥ ಖಾಸಗಿ ಜಾಲ ಸುಲಭದ ದಾರಿ. ಪೋರ್ಟ್ ತೆರೆದಿಡುವುದಕ್ಕಿಂತ ಸುರಕ್ಷಿತವೂ ಹೌದು.

ನಂಬಿಕೆ: ಒಮ್ಮೆ ಆರಿಸಿದರೆ ಸಿಕ್ಕಿಹಾಕಿಕೊಂಡಂತೆ.
ನಿಜ: ಎಂಬಿ ಎಂಬ ಸರ್ವರ್ ತನ್ನ ಮೂಲ ಸಂಕೇತವನ್ನು ಮುಚ್ಚಿದಾಗ, 2018ರಲ್ಲಿ ಅದರಿಂದಲೇ ಕವಲೊಡೆದು ಜೆಲ್ಲಿಫಿನ್ ಹುಟ್ಟಿತು. ಲಾಜಿಟೆಕ್ ಕಂಪನಿ ಸ್ಕ್ವೀಜ್‌ಬಾಕ್ಸ್ ಎಂಬ ಹಾಡು ನುಡಿಸುವ ಯಂತ್ರಗಳನ್ನು ಕೈಬಿಟ್ಟರೂ ಅವುಗಳ ಸರ್ವರ್ ಲೈರಿಯನ್ ಎಂಬ ಹೆಸರಿನಲ್ಲಿ ಬದುಕಿದೆ. ಸರ್ವರ್ ಬದಲಿಸಿದರೂ ಹಾಡಿನ ಫೈಲುಗಳು ನಿಮ್ಮ ಡಿಸ್ಕಿನಲ್ಲೇ ಇರುತ್ತವೆ. ಆದರೆ ಪ್ಲೇಲಿಸ್ಟ್, ಕೇಳಿದ ಲೆಕ್ಕ, ಕೊಟ್ಟ ನಕ್ಷತ್ರಗಳು ಸಾಮಾನ್ಯವಾಗಿ ಸರ್ವರ್‌ನ ದತ್ತಾಂಶದಲ್ಲಿ ಕೂತಿರುತ್ತವೆ. ಬದಲಿಸುವಾಗ ಕಳೆದುಹೋಗುವುದು ಅವೇ. ಡಿಸ್ಕ್ ಕೆಟ್ಟರೆ ಯಾವ ಸರ್ವರೂ ಕಾಯದು, ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇರಲಿ.

ಸಿನಿಮಾ, ಹಾಡು ಎರಡೂ ಒಂದೇ ಕಡೆ ಬೇಕಾದವರು ಜೆಲ್ಲಿಫಿನ್ ನೋಡಲಿ, ಹಾಡು ಮಾತ್ರ ಸಾಕೆನ್ನುವವರು ನ್ಯಾವಿಡ್ರೋಮ್, ಕೋಣೆಕೋಣೆಯಲ್ಲೂ ಒಟ್ಟಿಗೆ ನುಡಿಯಬೇಕಾದರೆ ಲೈರಿಯನ್. ಇವು ಮೂರೂ ಉಚಿತ. ಪರೀಕ್ಷೆಗೆ ನಿಮ್ಮ ಸಂಗ್ರಹದ ಅತ್ಯಂತ ಗೋಜಲಿನ ಹತ್ತು ಆಲ್ಬಮ್‌ಗಳನ್ನೇ ಹಾಕಿ. ಅವು ಸರಿಯಾಗಿ ಕಂಡ ಸರ್ವರ್‌ಗೆ ಉಳಿದವು ಕಷ್ಟವಾಗಲಾರವು.